ಎಷ್ಟು ಬಿಗಿದರೆ ಬಿಗಿ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಜಾತ್ರೆಗಳಲ್ಲಿ ಕುಸ್ತಿ, ಬಂಡಿ ಓಟದ ಜೊತೆ ಸೈಕಲ್ ಶರ್ಯತ್ತೂ ಇರುತ್ತದೆ. ಬೆಳಗಾವಿ ಜಿಲ್ಲೆಯ ಇನ್ನೊಂದು ತುದಿಗೆ, ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಯಲ್ಲಿ ಮಕ್ಕಳು ಸೈಕ್ಲಿಂಗ್ ಕಲಿಯುತ್ತಾರೆ. ಪಕ್ಕದ ವಿಜಯಪುರ, ಬಾಗಲಕೋಟೆಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಬರುತ್ತಲೇ ಇದ್ದಾರೆ. ಹೀಗಾಗಿ ಈ ಸೀಮೆಯಲ್ಲಿ ಸೈಕಲ್ಲನ್ನು ಮೋಟರ್‌ಸೈಕಲ್ ಕೊಳ್ಳಲಾಗದವರ ಗಾಡಿ ಎಂದಷ್ಟೇ ಯಾರೂ ನೋಡುವುದಿಲ್ಲ. ಹಾಲಿನ ಕ್ಯಾನು ಹೊತ್ತ ಕರಿ ಸೈಕಲ್ಲೂ ಕಾರ್ಬನ್ ಫೋರ್ಕಿನ ಗೇರ್ ಸೈಕಲ್ಲೂ ಒಂದೇ ಅಂಗಡಿಯ ಮುಂದೆ ನಿಲ್ಲುತ್ತವೆ. ತಕರಾರು ಹುಟ್ಟುವುದೂ ಅಲ್ಲೇ.

ಮಾತಾಡುವವರು ಇಬ್ಬರು. ಒಬ್ಬರು ಚಿಕ್ಕೋಡಿಯಲ್ಲಿ ಸೈಕಲ್ ಅಂಗಡಿ ಇಟ್ಟ ಹಿರಿಯ ಮಿಸ್ತ್ರಿ. ಗೋಡೆಯ ಮೊಳೆಗಳಿಗೆ ತೂಗುಬಿಟ್ಟ ಪಾನಾಗಳೇ ಅವರ ಬಂಡವಾಳ. ಇನ್ನೊಬ್ಬ, ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುವ ಕೈಗಾರಿಕಾ ವಲಯದಲ್ಲಿ ತಪಾಸಣೆಯ ಕೆಲಸದಲ್ಲಿರುವ ಎಂಜಿನಿಯರ. ವಾರವಿಡೀ ಮೈಕ್ರೊಮೀಟರ್ ಹಿಡಿದು, ರವಿವಾರ ಅಂಕಲಿ, ಮಾಂಜರಿ ದಾಟಿ ಕಾಗವಾಡದ ತನಕ ಸೈಕಲ್ ಹೊಡೆಯುವವನು. ಬೋಲ್ಟಿಗೆ ಎಷ್ಟು ತಿರುಚುಬಲ ಬಿತ್ತೆಂದು ತಾನೇ ಹೇಳುವ ಪಾನಾಕ್ಕೆ ಟಾರ್ಕ್ ರೆಂಚ್ ಎನ್ನುತ್ತಾರೆ. ಮನೆಯಲ್ಲೇ ಸೈಕಲ್ ಬಿಚ್ಚಿ ಜೋಡಿಸುವವನಿಗೆ ಅದು ಬೇಕೇ, ಬೇಕಾದರೆ ಎಂಥದು ಎನ್ನುವುದು ಅವತ್ತಿನ ವ್ಯಾಜ್ಯ.

ಮಿಸ್ತ್ರಿ: ಏನೋ ತಮ್ಮಾ, ರವಿವಾರ ಇಷ್ಟ ಲಗೂ ತಿರುಗಿ ಬಂದೀ? ಸೀಟ್ ಮತ್ತ ಇಳೀತೇನು?

ಎಂಜಿನಿಯರ: ಇಳೀತು ಕಾಕಾ. ಮಾಂಜರಿ ಪೂಲ್ ದಾಟೂದ್ರೊಳಗ ಎರಡು ಬೆರಳು ಕೆಳಗ ಬಂದಿತ್ತು. ಇನ್ನಷ್ಟು ಟೈಟ್ ಮಾಡಾಕ ಹೆದರಿಕಿ ಆಗತೈತಿ. ಸೀಟಿನ ಕಂಬ ಕಾರ್ಬನ್, ಕ್ಲ್ಯಾಂಪಿನ ಮ್ಯಾಲ ಮ್ಯಾಕ್ಸ್ 5 ನ್ಯೂಟನ್ ಮೀಟರ್ ಅಂತ ಕೆತ್ಯಾರ. ಐದು ಅಂದ್ರ ಎಷ್ಟು ಅಂತ ಕೈಗೆ ಹೆಂಗ ಗೊತ್ತಾಗಬೇಕು? ಅದಕ್ಕ ಒಂದು ಟಾರ್ಕ್ ರೆಂಚ್ ತಗೋಬೇಕಂತ ಮಾಡೇನಿ. ಸದ್ಯ ಪುಣೆದಾಗಿನ ಗೆಳೆಯಂದು ಒಂದು ತಂದೇನಿ, ಇಲ್ಲಿ ನೋಡ್ರಿ.

ಮಿಸ್ತ್ರಿ: ಒಂದು ಬೋಲ್ಟಿಗೆ ಎರಡು-ಮೂರು ಸಾವಿರ ಸುರೀತೀ? ಅಷ್ಟ ರೊಕ್ಕಕ್ಕ ಹಳೇ ಸೈಕಲ್ ಬರತೈತಿ. ಉಗಾರ ಸಕ್ಕರಿ ಕಾರಖಾನಿಗೆ ಪಾಳಿಗೆ ಹೋಗವರ ಸೈಕಲ್ ಕಟ್ಟೇನಿ, ನಿಪ್ಪಾಣಿ ಪ್ಯಾಟಿಗೆ ತಂಬಾಕ ಹೇರಿಕೊಂಡು ಹೋಗವರದೂ ಕಟ್ಟೇನಿ. ಯಾರ ಹ್ಯಾಂಡಲ್ಲೂ ಕೈಯಾಗ ಬಂದಿಲ್ಲ. ಅಥಣ್ಯಾಗ ಚಪ್ಪಲಿ ಹೊಲಿಯವರು ದಾರ ಎಳೆಯೂಮುಂದ ಮೀಟರ್ ಹಚ್ಚತಾರೇನು?

ಎಂಜಿನಿಯರ: ಚಪ್ಪಲಿ ದಾರ ಹರದ್ರ ಬರಿಗಾಲಿಲೆ ಮನಿಗೆ ಹೋಗಬಹುದು ಕಾಕಾ. ಇಳಿಜಾರಿನ್ಯಾಗ ನಲವತ್ತರ ಸ್ಪೀಡಿನಾಗ ಹ್ಯಾಂಡಲ್ ತಿರುಗಿದ್ರ ಮಿರಜ ದವಾಖಾನಿಗೇ ಹೋಗಬೇಕು. ಮತ್ತ ನೀವು ಕಟ್ಟಿದ್ದು ಕಬ್ಬಿಣದ ಸೈಕಲ್. ಉಕ್ಕು ಮುರಿಯೂಕಿಂತ ಮೊದಲ ಬಾಗತೈತಿ, ಹಿಗ್ಗತೈತಿ, ಕರ್ ಅಂತ ಸಪ್ಪಳ ಮಾಡತೈತಿ. ಕಾರ್ಬನ್ ಹಂಗಲ್ಲ. ಒಳಗ ಬಿರುಕು ಬಿಟ್ರೂ ಮ್ಯಾಲ ಏನೂ ಕಾಣೂದಿಲ್ಲ, ಒಂದು ದಿನ ಟಕ್ ಅಂತ ಹೋಗತೈತಿ.

ಮಿಸ್ತ್ರಿ ತಕ್ಷಣ ಉತ್ತರ ಕೊಡಲಿಲ್ಲ. ಆ ಮಾತಿನಲ್ಲಿ ಹುರುಳಿತ್ತು. ಹೀರೋ, ಅಟ್ಲಾಸ್, ಹರ್ಕ್ಯುಲಸ್ ಕಾಲದ ರೋಡ್‌ಸ್ಟರ್ ಸೈಕಲ್ಲುಗಳಲ್ಲಿ ಪೆಡಲ್ ಕಡ್ಡಿಯನ್ನು ಕಾಟರ್ ಪಿನ್ ಹಿಡಿದಿರುತ್ತಿತ್ತು, ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಸುತ್ತಿಗೆಗೆ ಯಾವ ನ್ಯೂಟನ್ ಮೀಟರ್? ಈಗಿನ ಹ್ಯಾಂಡಲ್ ಹಿಡಿಯುವ ಸ್ಟೆಮ್ ಅಲ್ಯುಮಿನಿಯಮ್ಮಿನದು, ಅದರಲ್ಲಿ 5 ಮಿಲಿಮೀಟರ್ ದಪ್ಪದ ನಾಲ್ಕು ಬೋಲ್ಟು. ಉಕ್ಕಿನ ಬೋಲ್ಟು ಅಲ್ಯುಮಿನಿಯಮ್ ಥ್ರೆಡ್ಡಿನಲ್ಲಿ ತಿರುಗುತ್ತದೆ. ಹೆಚ್ಚು ಬಿಗಿದರೆ ಬೋಲ್ಟು ಉಳಿಯುತ್ತದೆ, ಸ್ಟೆಮ್ಮಿನ ಥ್ರೆಡ್ ಕಿತ್ತು ಬರುತ್ತದೆ.

ಮಿಸ್ತ್ರಿ: ಆತಪಾ. ಐದು ಅಂದ್ರ ಎಷ್ಟು, ಅದನ್ನರೆ ಹೇಳು.

ಎಂಜಿನಿಯರ: ಎಲೆನ್ ಕೀ ಹತ್ತು ಸೆಂಟಿಮೀಟರ್ ಉದ್ದ ಐತಿ ಅಂತ ತಿಳೀರಿ. ಅದನ್ನ ಅಡ್ಡ ಹಿಡದು, ತುದಿಗೆ ಐದು ಲೀಟರ್ ನೀರಿನ ಕ್ಯಾನ್ ತೂಗಹಾಕಿದ್ರ ಬೋಲ್ಟಿನ ಮ್ಯಾಲ ಬೀಳೂದು ಹೆಚ್ಚೂಕಡಿಮಿ ಐದು ನ್ಯೂಟನ್ ಮೀಟರ್. ಲೆಕ್ಕ ಹಾಕಿದ್ರ 4.9.

ಮಿಸ್ತ್ರಿ: ಐದು ಕಿಲೋ? ಅಷ್ಟೇನಾ? ನಾ ಏನೋ ದೊಡ್ಡ ಸುದ್ದಿ ಅಂದಿದ್ದೆ! ಹಂಗಾದ್ರ ಒಳಗ ಬೆಲ್ಲ ತೂಗೂ ಸ್ಪ್ರಿಂಗ್ ಕಾಟಾ ಐತಿ. ಕೀಲಿ ತುದಿಗೆ ಅದರ ಕೊಕ್ಕಿ ಹಾಕಿ ಐದು ಕಿಲೋ ಬರೂತನ ಎಳದ್ರಾತು. ಖರ್ಚಿಲ್ಲ, ವೆಚ್ಚಿಲ್ಲ.

ಈ ಉಪಾಯ ನಗುವಂಥದ್ದಲ್ಲ. ತಿರುಚುಬಲ ಎಂದರೆ ಬಲ ಗುಣಿಸು ಹಿಡಿಕೆಯ ಉದ್ದ, ಅದಕ್ಕಿಂತ ಹೆಚ್ಚಿನ ಗುಟ್ಟೇನೂ ಅದರಲ್ಲಿಲ್ಲ. ಒಳಗಿನಿಂದ ಕಾಟಾ ಬಂತು. ಎಂಜಿನಿಯರ ಗೆಳೆಯನ ರೆಂಚನ್ನು ವೈಸ್‌ನಲ್ಲಿ ಹಿಡಿದ ಬೋಲ್ಟಿಗೆ ಸಿಕ್ಕಿಸಿದ, ಬೋಲ್ಟಿನ ನಡುವಿನಿಂದ ಹಿಡಿಕೆಯ ನಡುವಿಗೆ ಟೇಪು ಹಿಡಿದ, ಅಲ್ಲಿಗೆ ಕೊಕ್ಕಿ ಹಾಕಿ ಎಳೆದ. ಅದು ಕಡ್ಡಿಯ ಮಾದರಿಯ ರೆಂಚು. ಎಳೆದಾಗ ಮುಖ್ಯ ಕಡ್ಡಿ ಸಣ್ಣಗೆ ಬಾಗುತ್ತದೆ, ಪಕ್ಕದ ಮುಳ್ಳು ಬಾಗದೆ ನಿಂತು ಅಂಕಿ ತೋರಿಸುತ್ತದೆ. ಕಾಟಾದ ಲೆಕ್ಕವೂ ಮುಳ್ಳಿನ ಲೆಕ್ಕವೂ ಹತ್ತಿರ ಹತ್ತಿರ ಬಂದವು.

ಎಂಜಿನಿಯರ: ರೆಂಚ್ ಖರೆ ಹೇಳತೈತೋ ಸುಳ್ಳ ಹೇಳತೈತೋ ನೋಡಾಕ ಕಾಟಾ ಭಾಳ ಛಲೋ. ಆದ್ರ ದಿನಾ ಬಿಗಿಯೂ ಕೆಲಸಕ್ಕ ಆಗೂದಿಲ್ಲ ಕಾಕಾ. ಕಾಟಾ ಕೀಲಿಗೆ ಕಾಟಕೋನಕ್ಕ ಹಿಡದು ಎಳೀಬೇಕು. ಸ್ವಲ್ಪ ವಾರಿ ಆದ್ರ ಲೆಕ್ಕ ತಪ್ಪತೈತಿ. ಸ್ಟೆಮ್ಮಿನ ನಾಕು ಬೋಲ್ಟು ಒಮ್ಮೆಲೇ ಬಿಗಿಯಂಗಿಲ್ಲ, ಅಡ್ಡಡ್ಡ ಮೂಲಿ ಹಿಡದು ಎರಡು-ಮೂರು ಸುತ್ತಿನ್ಯಾಗ ಬಿಗೀಬೇಕು. ಹಿಡಕಿಯ ಮ್ಯಾಲಿನ ಸಂದಿ, ಕೆಳಗಿನ ಸಂದಿ ಸಮ ಇರಬೇಕು. ಅಷ್ಟು ಸಲ ಕಾಟಾ ಸಿಗಿಸಿ ಎಳಕೋತ ಕುಂದ್ರೂದು ಯಾರು?

ಮಿಸ್ತ್ರಿ: ಹಂಗಾದ್ರ ನನ್ನ ಕೈ ನೋಡು. ನನಗೇನು ಕಾಟಾ ಬೇಕಾಗಿಲ್ಲ. ಆ ಮುಳ್ಳಿನ ಮಾರಿಗೆ ಒಂದು ಚಿಂದಿ ಮುಚ್ಚು. ನಾ ಐದು ಅನ್ನೂಷ್ಟು ಬಿಗೀತೇನಿ, ನೀ ನೋಡಿ ಹೇಳು.

ಚಿಂದಿಯ ಆ ಕಡೆಯಿಂದ ಎಂಜಿನಿಯರ ಇಣುಕುತ್ತ ನಿಂತ. ಮಿಸ್ತ್ರಿ ಎಳೆದರು, ಬಿಟ್ಟರು, ಮತ್ತೆ ಎಳೆದರು. ಮುಳ್ಳು ಆರರ ಆಚೀಚೆ, ಬಹುತೇಕ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಯಾವ ಅಂಕಿಯನ್ನೂ ನೋಡದ ಕೈಗೆ ಅದು ದೊಡ್ಡ ಮಾತು. ಆಮೇಲೆ ಎಂಜಿನಿಯರ ರೆಂಚಿನ ಹಿಡಿಕೆಗೆ ಒಂದು ಗೇಣು ಪೈಪು ತೂರಿಸಿ ಇನ್ನೊಮ್ಮೆ ಎಳೆಯಲು ಹೇಳಿದ. ಮುಳ್ಳು ಎಂಟನ್ನೂ ದಾಟಿತು. ಮಿಸ್ತ್ರಿಯ ಮುಖದಲ್ಲಿ ಅನುಮಾನ. ಚಿಂದಿ ಎತ್ತಿ ತಾವೇ ನೋಡಿದರು.

ಎಂಜಿನಿಯರ: ನಿಮ್ಮ ಕೈ ತಪ್ಪಿಲ್ಲ ಕಾಕಾ. ಅಂಗೈಗೆ ತಿಳಿಯೂದು ಎಷ್ಟು ಜೋರು ಎಳದೆ ಅನ್ನೂದು ಅಷ್ಟೇ. ಬೋಲ್ಟಿಗೆ ಎಷ್ಟು ಮುಟ್ಟಿತು ಅನ್ನೂದು ಕೀಲಿ ಉದ್ದದ ಮ್ಯಾಲ ಹೋಗತೈತಿ. ನೀವು ಗಿಡ್ಡ ಕೀಲಿಗೆ ರೂಢಿ ಆದವರು. ಮನ್ಯಾಗ ಒಂದು ಡಬ್ಬಿ ತುಂಬ ಬ್ಯಾರೆ ಬ್ಯಾರೆ ಉದ್ದದ ಕೀಲಿ ಇಟ್ಟುಕೊಂಡವರಿಗೆ ಅಂಥಾ ರೂಢಿ ಆಗೂದೇ ಇಲ್ಲ.

ಮಿಸ್ತ್ರಿ: ಅದಕ್ಕ ಹಿಂದಿನವರು ಪಾನಾ ಮಾಡೂಮುಂದ ತಿಳಕೊಂಡ ಮಾಡ್ಯಾರ. ಎಂಟರ ಪಾನಾ ಗಿಡ್ಡ, ಇಪ್ಪತ್ನಾಕರದು ಉದ್ದ. ಸಣ್ಣ ಬೋಲ್ಟಿಗೆ ಸಣ್ಣ ಹಿಡಕಿ. ಜೋರು ಮಾಡಬೇಕಂದ್ರೂ ಮಾಡಾಕ ಬರಬಾರದು ಅಂತ. ಪೈಪು ಹಾಕಾಂವ ನೀನು, ನಾ ಅಲ್ಲ.

ಇದು ಎಂಜಿನಿಯರನಿಗೂ ಹೊಳೆಯದ ಮಾತಾಗಿತ್ತು. ಪಾನಾದ ಉದ್ದವೇ ಒಂದು ಒರಟು ಟಾರ್ಕ್ ಮಿತಿ. ಸೈಕಲ್ಲಿನ ಜೊತೆ ಬರುತ್ತಿದ್ದ, ಎರಡೂ ತುದಿಯಲ್ಲಿ ಸುತ್ತಲೂ ಅಳತೆಯ ತೂತುಗಳಿದ್ದ ಗಿಡ್ಡ ಪಾನಾವನ್ನು ನೆನೆದರೆ ಸಾಕು. ಅದರಿಂದ ಬೋಲ್ಟು ಮುರಿದವರು ಅಪರೂಪ, ಕೈ ಜಜ್ಜಿಕೊಂಡವರು ಬೇಕಾದಷ್ಟು ಜನ.

ಮಿಸ್ತ್ರಿ: ಈಗ ನಿನ್ನ ಸೀಟಿಗೆ ಬರೂಣು. ಆ ಮುಳ್ಳಿನ ಪಾನಾದಿಂದ ಸರಿಯಾಗಿ ಐದು ಬಿಗದಿದ್ದೆಯಿಲ್ಲೋ?

ಎಂಜಿನಿಯರ: ಬಿಗದೇನಿ. ನಿನ್ನಿ ಸಂಜಿಕೇ. ಮುಳ್ಳು ಐದರ ಮ್ಯಾಲೇ ಇತ್ತು.

ಮಿಸ್ತ್ರಿ: ಆದ್ರೂ ಇಳೀತು.

ಎಂಜಿನಿಯರ: ಇಳೀತು.

ಮಿಸ್ತ್ರಿ ಕ್ಲ್ಯಾಂಪು ಸಡಿಲಿಸಿ ಸೀಟಿನ ಕಂಬವನ್ನು ಹೊರಗೆಳೆದರು. ಬೆರಳಿನಿಂದ ಒರೆಸಿ ಎಂಜಿನಿಯರನ ಮೂಗಿನ ಮುಂದೆ ಹಿಡಿದರು. ಹಳದಿ ಗ್ರೀಸು, ಬೆಣ್ಣೆ ಸವರಿದಂತೆ.

ಮಿಸ್ತ್ರಿ: ಇದೇನಪಾ?

ಎಂಜಿನಿಯರ: ಗ್ರೀಸ್… ಮಳಿಗಾಲದಾಗ ಜಾಮ್ ಆಗಬಾರದು ಅಂತ.

ಮಿಸ್ತ್ರಿ: ಕಬ್ಬಿಣದ ಕಂಬಕ್ಕ ಹಚ್ಚೂದು ಖರೆ, ಇಲ್ಲಾಂದ್ರ ತುಕ್ಕು ಹಿಡದು ಅಲ್ಲೇ ಕುಂದರತೈತಿ. ಇದು ತುಕ್ಕು ಹಿಡಿಯೂ ಮಾಲೇ ಅಲ್ಲ. ನಿನ್ನ ಪಾನಾ ಬೋಲ್ಟು ಎಷ್ಟು ಬಿಗದೈತಿ ಅಂತ ಹೇಳಿತು. ಕಂಬ ಜಾರತೈತಿ ಅಂತ ಹೇಳಿತೇನು?

ಎಂಜಿನಿಯರ ನಕ್ಕ. ಕಾರ್ಬನ್ ಕಂಬಕ್ಕೆ ಹಚ್ಚುವ ಪೇಸ್ಟು ಬೇರೆಯೇ ಇದೆ, ಅದರಲ್ಲಿ ಸಣ್ಣ ಹರಳಿನಂಥ ಕಣಗಳಿರುತ್ತವೆ. ಅವು ಎರಡು ಮೈಗಳ ನಡುವೆ ಕಚ್ಚಿ ಹಿಡಿಯುವುದರಿಂದ ಕಡಿಮೆ ಬಿಗಿಯಲ್ಲೇ ಕಂಬ ಜಾರದೆ ನಿಲ್ಲುತ್ತದೆ. ಇದನ್ನು ಅವನೇ ಓದಿದ್ದ, ಆದರೆ ಗ್ರೀಸಿನ ಡಬ್ಬಿ ಕೈಗೆ ಹತ್ತಿರ ಇತ್ತು. ಅವನು ಸೋಲೊಪ್ಪಲಿಲ್ಲ, ಉಲ್ಟಾ ಇದೇ ಎಳೆಯನ್ನು ಹಿಡಿದ.

ಎಂಜಿನಿಯರ: ನೀವು ಹೇಳಿದ್ದು ಇನ್ನೂ ಆಳಕ್ಕ ಹೋಗತೈತಿ ಕಾಕಾ. ನಾವು ಹಾಕೂ ತಾಕತ್ತಿನ್ಯಾಗ ಬೋಲ್ಟನ್ನ ಎಳದು ಹಿಡಿಯೂದಕ್ಕ ಹೋಗೂದು ಹತ್ತರಾಗ ಒಂದು ಪಾಲು ಮಾತ್ರ. ಸುಮಾರು ಅರ್ಧ ಬೋಲ್ಟಿನ ತಲಿ ಕೆಳಗಿನ ತಿಕ್ಕಾಟಕ್ಕ ಹೋಗತೈತಿ, ಉಳದದ್ದು ಥ್ರೆಡ್ಡಿನ ತಿಕ್ಕಾಟಕ್ಕ. ಥ್ರೆಡ್ ಒಣ ಇದ್ದಾಗ ಐದು ಬಿಗದ್ರ ಬರೂ ಹಿಡತ ಬ್ಯಾರೆ, ಎಣ್ಣಿ ಬಿಟ್ಟು ಐದು ಬಿಗದ್ರ ಬರೂ ಹಿಡತ ಬ್ಯಾರೆ. ಎಣ್ಣಿ ಇದ್ರ ಹಿಡತ ಭಾಳ ಜಾಸ್ತಿ ಆಗತೈತಿ. ನಾಸಾದವರು 1990ರಾಗ ಬೋಲ್ಟುಗಳದ್ದೇ ಒಂದು ಕೈಪಿಡಿ ತಗದ್ರು. ಅದರಾಗ ಒಂದು ಪಟ್ಟಿ ಐತಿ: ಬರೇ ಕೈ ಅಂದಾಜಿನಿಂದ ಬಿಗದ್ರ ಬೋಲ್ಟಿನ ಹಿಡತ 35 ಪರ್ಸೆಂಟ್ ಆಚೀಚೆ ಆಗಬಹುದು.

ಮಿಸ್ತ್ರಿ: ನೋಡಿದೇನು! ಮತ್ತ ಟಾರ್ಕ್ ಪಾನಾದಿಂದ?

ಎಂಜಿನಿಯರ: …25 ಪರ್ಸೆಂಟ್.

ಮಿಸ್ತ್ರಿ: ಬರೇ ಹತ್ತು! ಹತ್ತು ಪರ್ಸೆಂಟಿಗೆ ಮೂರು ಸಾವಿರ! ನಾಸಾದವರೇ ನನ್ನ ಕಡೆ ಅದಾರಲ್ಲೋ.

ಎಂಜಿನಿಯರ: ಪೂರಾ ಕೇಳ್ರಿ. ರೆಂಚಿನದಲ್ಲ ಆ ತಪ್ಪು, ತಿಕ್ಕಾಟದ್ದು. ರೆಂಚಿಗೆ ಅಂತನೇ ಐಎಸ್‌ಒ 6789 ಅನ್ನೂ ಮಾನದಂಡ ಐತಿ. ಅಂಕಿ ಮುಟ್ಟಿದ ಕೂಡ್ಲೆ ಕ್ಲಿಕ್ ಅನ್ನೂ ರೆಂಚು, ಹತ್ತು ನ್ಯೂಟನ್ ಮೀಟರಿನ ಮ್ಯಾಲಿಂದಾದ್ರ 4 ಪರ್ಸೆಂಟಿನ ಒಳಗ ಇರಬೇಕು, ಹತ್ತರ ತನಕದ್ದು 6 ಪರ್ಸೆಂಟು. ಥ್ರೆಡ್ ಸ್ವಚ್ಛ ಮಾಡಿ, ಪ್ರತಿ ಸಲ ಒಂದೇ ಥರ ಒಂದು ಹನಿ ಎಣ್ಣಿ ಬಿಟ್ರ ಆ 25 ಕಡಿಮಿ ಆಗತೈತಿ. ಕೈಯಿಂದ ಮಾಡಿದ್ರ ಕೈಯ ತಪ್ಪೂ ಕೂಡತೈತಿ, ತಿಕ್ಕಾಟದ್ದೂ ಕೂಡತೈತಿ.

ಮಿಸ್ತ್ರಿ: ಥ್ರೆಡ್ ಸ್ವಚ್ಛ ಮಾಡೂದು, ಎಣ್ಣಿ ಬಿಡೂದು, ಅಷ್ಟು ಮಾಡಿದ್ರ ಕೆಲಸದ ಮುಕ್ಕಾಲು ಆತಲ್ಲ. ಅದಕ್ಕ ಒಂದು ಬ್ರಷ್ ಸಾಕು. ಇಪ್ಪತ್ತು ರೂಪಾಯಿ.

ಇಲ್ಲಿ ಮಿಸ್ತ್ರಿಯ ಪಟ್ಟು ಬಿಗಿ. ಕೊಳ್ಳುವ ಉತ್ಸಾಹದಲ್ಲಿ ಹಲವರು ಮರೆಯುವುದು ಇದನ್ನೇ. ಕೆಸರು ಮೆತ್ತಿದ ಬೋಲ್ಟಿಗೆ ದುಬಾರಿ ರೆಂಚು ಹಚ್ಚಿ, ಕ್ಲಿಕ್ ಎಂದೊಡನೆ ನಿಶ್ಚಿಂತರಾಗುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಅಥಣಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸೈಕಲ್ ಹೊಡೆದವರಿಗೆ ಧೂಳು ಎಲ್ಲೆಲ್ಲಿ ಹೊಗುತ್ತದೆಂದು ಹೇಳಬೇಕಾಗಿಲ್ಲ.

ಮಾತು ದೊಡ್ಡ ಬೋಲ್ಟುಗಳಿಗೆ ಹೊರಳಿತು. ಇಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು.

ಎಂಜಿನಿಯರ: ಗೇರ್ ಸೈಕಲ್ಲಿನ ಎಡಗಡಿ ಕ್ರ್ಯಾಂಕ್ ಸಡ್ಲ ಆಗೂ ಕೇಸ್ ನಿಮ್ಮಲ್ಲಿ ಬರತಾವಿಲ್ಲೋ?

ಮಿಸ್ತ್ರಿ: ಬರತಾವಂದ್ರ? ಅವೇ ಹೆಚ್ಚು. ಚೌಕ ತೂತು ಗುಂಡಾಗಿ ಹೋಗಿರತೈತಿ. ಕ್ರ್ಯಾಂಕೇ ಬದಲಿ ಮಾಡಬೇಕು.

ಎಂಜಿನಿಯರ: ಆ ಬೋಲ್ಟು 35ರಿಂದ 50 ಕೇಳತೈತಿ. ಹಿಂದಿನ ಗೇರ್ ಚಕ್ರದ ರಿಂಗು 40. ಪೆಡಲ್ಲೂ ಅಷ್ಟೇ, 35ರ ಮ್ಯಾಲೇ. ಒಂದು ಗೇಣು ಪಾನಾದಿಂದ 40 ಬರಬೇಕಂದ್ರ ತುದಿಗೆ ಇಪ್ಪತ್ತು ಕಿಲೋ ಎಳೀಬೇಕು. ಮನ್ಯಾಗ ಜೋಡಿಸವರು ಅಷ್ಟು ಎಳೆಯೂದೇ ಇಲ್ಲ, ಮುರದು ಗಿರದೀತು ಅಂತ ಅರ್ಧಕ್ಕ ಬಿಡತಾರ. ಮಂದಿ ಸಣ್ಣ ಬೋಲ್ಟು ಕೊಲ್ಲತಾರ, ದೊಡ್ಡ ಬೋಲ್ಟು ಉಪವಾಸ ಕೆಡವತಾರ.

ಮಿಸ್ತ್ರಿ: ಅದೇನೋ ಖರೆ. ನಾವು ಪಾನಾಕ್ಕ ಕಾಲು ಕೊಟ್ಟು ತುಳೀತೇವಿ. ಆ ಶಕ್ತಿ ಅವರ ಕೈಯಾಗ ಎಲ್ಲಿ ಬರಬೇಕು? ಹಂಗಾದ್ರ ಮೊದಲ ದೊಡ್ಡ ರೆಂಚ್ ತಗೋ. ಮೋಟರ್ ಗ್ಯಾರೇಜಿನ್ಯಾಗ ಇರತೈತಲ್ಲ, ಕೊಲ್ಲಾಪುರದಾಗ ಸಿಗತೈತಿ. ಸಣ್ಣದಕ್ಕೂ ಅದನ್ನೇ ಹಚ್ಚು.

ಎಂಜಿನಿಯರ: ಅಲ್ಲೇ ಮಂದಿ ತಪ್ಪೂದು. ಗ್ಯಾರೇಜಿನ ಅರ್ಧ ಇಂಚಿನ ರೆಂಚ್ ಶುರುವಾಗೂದೇ ಸುಮಾರು 28ರಿಂದ, 200ರ ತನಕ ಹೋಗತೈತಿ. ಅದಕ್ಕ 5 ಅಂದ್ರ ಲೆಕ್ಕಕ್ಕೇ ಇಲ್ಲ. ಕ್ಲಿಕ್ ಅನ್ನೂದ್ರೊಳಗ ಸ್ಟೆಮ್ಮಿನ ಬೋಲ್ಟು ನಿಮ್ಮ ಕೈಯಾಗ ಬಂದಿರತೈತಿ. ಮಾನದಂಡದಾಗ ರೆಂಚನ್ನ ಪರೀಕ್ಷಾ ಮಾಡೂದೂ ಅದರ ದೊಡ್ಡ ಅಂಕಿಯ 20 ಪರ್ಸೆಂಟಿನಿಂದ ಮ್ಯಾಲ. ನಮಗ ಬೇಕಾದ ಅಂಕಿ ರೆಂಚಿನ ನಡುವಿನ ಭಾಗದಾಗ ಇರಬೇಕು. ಸೈಕಲ್ಲಿಗೆ ಎರಡು ಬೇಕು: 2ರಿಂದ 14–15ರ ತನಕ ಒಂದು, 10ರಿಂದ 60ರ ತನಕ ಒಂದು. ಪಾರ್ಕ್ ಟೂಲ್ ಕಂಪನಿಯವರು ಹಿಂಗೇ ಎರಡು ಮಾಡ್ಯಾರ: 2ರಿಂದ 14, 10ರಿಂದ 60.

ಮಿಸ್ತ್ರಿ: ಒಂದಕ್ಕ ಬಂದಾಂವ ಎರಡಕ್ಕ ಹೋದಿ. ನಾಳೆ ಮೂರು ಅಂತೀ.

ಎಂಜಿನಿಯರ: ದೊಡ್ಡದಕ್ಕ ನಿಮ್ಮ ಕಾಟಾ ಐತಲ್ಲ! ಬೋಲ್ಟಿನಿಂದ ನಲವತ್ತು ಸೆಂಟಿಮೀಟರ್ ದೂರಕ್ಕ ಕೊಕ್ಕಿ ಹಾಕಿ ಹತ್ತು ಕಿಲೋ ಎಳದ್ರ 40 ಆತು. ಉದ್ದ ಪಾನಾಕ್ಕ ಕಾಟಾ ಹಚ್ಚೂದು ಸಸಾರ. ನನ್ನ ರೊಕ್ಕ ಸಣ್ಣದಕ್ಕೇ ಹೋಗಲಿ.

ಮಿಸ್ತ್ರಿ: ನಾ ಆದ್ರ ಉಲ್ಟಾ ಮಾಡತಿದ್ದೆ. ಸಣ್ಣ ಬೋಲ್ಟಿಗೆ ಎರಡು ಬೆರಳು. ಕೀಲಿಯ ಮೂಲಿ ಹತ್ತರ ಹಿಡದು ಬಿಗಿ. ಎಷ್ಟು ಜೋರು ಮಾಡಿದ್ರೂ ಹೆಚ್ಚಿಗಿ ಹೋಗಂಗಿಲ್ಲ. ದೊಡ್ಡದಕ್ಕ ರೊಕ್ಕ ಹಾಕು.

ಇದು ಅಂಗಡಿಯವನ ಲೆಕ್ಕಕ್ಕೂ ಸವಾರನ ಲೆಕ್ಕಕ್ಕೂ ಇರುವ ಅಂತರ. ಅಂಗಡಿಗೆ ಹೆಚ್ಚು ಬರುವುದು ಸಡಿಲಾದ ಕ್ರ್ಯಾಂಕು, ಆದ್ದರಿಂದ ಮಿಸ್ತ್ರಿಯ ಕಣ್ಣು ಅಲ್ಲಿ. ಕ್ರ್ಯಾಂಕು ಸಡಿಲಾದರೆ ಇಳಿದು ನೂಕಿಕೊಂಡು ಬರಬಹುದು, ಹ್ಯಾಂಡಲ್ ಸಡಿಲಾದರೆ ಆಗದು. ಎಂಜಿನಿಯರನ ಹೆದರಿಕೆ ಅಲ್ಲಿ. ಕಾರ್ಬನ್ ಭಾಗ ಒಂದಾದರೂ ಇದ್ದವರು ಎಂಜಿನಿಯರನ ಮಾತು ಕೇಳುವುದು ಲೇಸು. ಎಲ್ಲವೂ ಉಕ್ಕು, ಅಲ್ಯುಮಿನಿಯಮ್ ಆಗಿದ್ದರೆ ಮಿಸ್ತ್ರಿಯ ಎರಡು ಬೆರಳನ್ನು ತಳ್ಳಿಹಾಕುವುದು ಕಷ್ಟ.

ಮಿಸ್ತ್ರಿ: ಆತು, ಸಣ್ಣದೇ ತಗೋ. ಎಂಥದು ತಗೋತಿ? ಈ ಮುಳ್ಳಿಂದೇ?

ಎಂಜಿನಿಯರ: ಅದೇ ತಿಳೀವಲ್ದು. ಮುಳ್ಳಿಂದು ಸಾದಾ, ಸ್ಪ್ರಿಂಗ್ ಇಲ್ಲ, ಕೆಡೂದು ಏನೂ ಇಲ್ಲ. ಕೆಳಗ ಬಿದ್ದು ಮುಳ್ಳು ಸೊನ್ನಿ ಬಿಟ್ಟು ಸರಿದ್ರ ಕೈಲೆ ಬಗ್ಗಿಸಿ ಸೊನ್ನಿಗೆ ತರಬಹುದು. ಎರಡೂ ದಿಕ್ಕಿಗೆ ಅಳೀತೈತಿ. ಎಡಗಡಿ ಪೆಡಲ್ ಉಲ್ಟಾ ಥ್ರೆಡ್. ಕೆಲವು ಕ್ಲಿಕ್ ರೆಂಚ್ ಉಲ್ಟಾ ದಿಕ್ಕಿಗೆ ಕ್ಲಿಕ್ಕೇ ಅನ್ನಂಗಿಲ್ಲ. ಆದ್ರ ಮುಳ್ಳನ್ನ ನೆಟ್ಟಗ ಮ್ಯಾಲಿಂದ ನೋಡಬೇಕು, ವಾರಿ ನೋಡಿದ್ರ ಅಂಕಿ ತಪ್ಪತೈತಿ. ಸೀಟಿನ ಕೆಳಗಿನ ಬೋಲ್ಟು ಬಿಗಿಯೂಮುಂದ ಕುತ್ತಿಗಿ ಹೆಂಗ ತಿರುವಬೇಕು?

ಮಿಸ್ತ್ರಿ: ಮತ್ತ ಕ್ಲಿಕ್ಕಿಂದು?

ಎಂಜಿನಿಯರ: ನೋಡೂ ಕೆಲಸ ಇಲ್ಲ, ಕೈಗೇ ಗೊತ್ತಾಗತೈತಿ. ಆದ್ರ ಐದರಾಗ ಕ್ಲಿಕ್ ಭಾಳ ಸಣ್ಣಗ ಆಗತೈತಿ. ಸಪ್ಪಳದಾಗ ಕೇಳದೇ ಇನ್ನೂ ತಿರುವಿದ್ರ ಮುಗೀತು. ಅಗ್ಗದ ರೆಂಚಿನ ಮ್ಯಾಲ ಎರಡು ಪಟ್ಟಿ ಇರತಾವ, ಒಂದು ನ್ಯೂಟನ್ ಮೀಟರ್, ಒಂದು ಇಂಚ್-ಪೌಂಡ್. 5 ನ್ಯೂಟನ್ ಮೀಟರ್ ಅಂದ್ರ 44 ಇಂಚ್-ಪೌಂಡ್. ಪಟ್ಟಿ ಅದಲಬದಲ ಓದಿದ್ರ ಬೋಲ್ಟು ಉಳಿಯಂಗಿಲ್ಲ.

ಮಿಸ್ತ್ರಿ: ಬ್ಯಾಟರಿ ಹಾಕೂದೂ ಬರತೈತಂತ.

ಎಂಜಿನಿಯರ: ಬರತೈತಿ. ಮನಿಗೆ ದುಬಾರಿ ಆತು. ನನಗ ಮನಸ್ಸಿಗೆ ಬಂದದ್ದು ಇಂಗ್ಲಿಷಿನ ಟಿ ಆಕಾರದ ಹಿಡಕಿ. 4, 4.5, 5, 5.5, 6, ಇಷ್ಟೇ ಅದರಾಗ. ಅಂಕಿ ಮುಟ್ಟಿದ ಕೂಡ್ಲೆ ಟಕ್ ಅಂತೈತಿ. ಸ್ಟೆಮ್ಮು, ಸೀಟು, ಬ್ರೇಕ್ ತಂತಿಯ ಬೋಲ್ಟು, ಹೆಚ್ಚು ಬಿಚ್ಚೂ ಬೋಲ್ಟೆಲ್ಲಾ ಇದರಾಗೇ ಬರತಾವ. ಆದ್ರ ಡಿಸ್ಕ್ ಬ್ರೇಕಿನ ಚಕ್ಕಿ ಹಿಡಿಯೂ ಆರು ಬೋಲ್ಟು ಶಿಮಾನೋ ಕಂಪನಿಯವು 2ರಿಂದ 4, ಸ್ರ್ಯಾಮ್ ಕಂಪನಿಯವು 6.2. ಶಿಮಾನೋದವು ಇದರ ಅಂಚಿನ ಮ್ಯಾಲ, ಸ್ರ್ಯಾಮಿನವು ಹೊರಗ.

ಮಿಸ್ತ್ರಿ ಗೋಡೆಯ ಪಾನಾಗಳ ಸಾಲಿನತ್ತ ಕೈ ಮಾಡಿದರು.

ಮಿಸ್ತ್ರಿ: ಈ ಪಾನಾ ಒಂದೊಂದೂ ಎಷ್ಟು ಸಲ ನೆಲಕ್ಕ ಬಿದ್ದಾವ, ಎಷ್ಟು ಸಲ ಸುತ್ತಿಗಿ ಆಗ್ಯಾವ! ಎತ್ತಿ ಒರಸಿ ತೂಗಹಾಕಿದ್ರ ಮುಗೀತು. ನಿನ್ನದು?

ಎಂಜಿನಿಯರ: ನನ್ನದು ಬಾಳಂತಿ ಆರೈಕಿ ಕೇಳತೈತಿ, ಒಪ್ಪತೇನಿ. ಕೆಲಸ ಮುಗದ ಮ್ಯಾಲ ಕ್ಲಿಕ್ ರೆಂಚಿನ ಸ್ಪ್ರಿಂಗ್ ಕೆಳಗಿನ ಅಂಕಿಗೆ ತಂದು ಇಡಬೇಕು. ಜಾಮ್ ಆದ ಬೋಲ್ಟು ಬಿಚ್ಚಾಕ ಬಳಸಬಾರದು. ಹಿಡಕಿಯ ನಡುವೇ ಹಿಡೀಬೇಕು. ವರ್ಷಕ್ಕೊಮ್ಮೆ, ಇಲ್ಲಾ 5,000 ಸಲ ಬಳಸಿದ ಮ್ಯಾಲ ತಪಾಸಣಿಗೆ ಕಳಿಸಬೇಕು ಅಂತ ಮಾನದಂಡ ಹೇಳತೈತಿ. ನಮ್ಮ ಕಾರಖಾನ್ಯಾಗ ತಾರೀಖು ಮುಗದ ರೆಂಚು ಮುಟ್ಟಂಗೇ ಇಲ್ಲ.

ಮಿಸ್ತ್ರಿ: ವಿಮಾನಕ್ಕ ಅದು ಸರಿ. ಈ ಪಾನಾ ಹುಟ್ಟಿದ್ದು ವಿಮಾನಕ್ಕೇನು?

ಎಂಜಿನಿಯರ: ಅಲ್ಲ. ನ್ಯೂಯಾರ್ಕ್ ಶಹರದ ನೀರಿನ ಇಲಾಖ್ಯಾಗ ಇದ್ದ ಕಾನ್ರಾಡ್ ಬಾರ್ ಅನ್ನಾಂವ 1918ರ ಸುಮಾರಿಗೆ ಮಾಡಿದ ಅಂತ ಹೇಳತಾರ. ನೀರಿನ ಪೈಪಿನ ಜೋಡಣಿಯೊಳಗ ಬೋಲ್ಟು ಹೆಚ್ಚು ಬಿಗದು ಮುರಿಯೂದು ತಪ್ಪಸಾಕ.

ಮಿಸ್ತ್ರಿ: ಅಂದ್ರ ಅವನ ಕೈ ಕೆಳಗಿನ ಮಂದಿಗೆ ಅಂದಾಜು ಇರಲಿಲ್ಲ.

ಎಂಜಿನಿಯರ: ಇರತೈತಿ ಕಾಕಾ, ಎಲ್ಲಾರಿಗೂ ಅವರವರ ಅಂದಾಜು ಇರತೈತಿ. ನೂರು ಮಂದಿ ನೂರು ಅಂದಾಜಿನಿಂದ ಬಿಗದ್ರ ಪೈಪು ಯಾರ ಮಾತು ಕೇಳಬೇಕು?

ಇದಕ್ಕೆ ಮಿಸ್ತ್ರಿ ಬೇರೆ ದಾರಿ ಹಿಡಿದರು. ರವಿವಾರ ಕೂಡಿ ಸೈಕಲ್ ಹೊಡೆಯುವ ನಾಲ್ಕೈದು ಮಂದಿ ದುಡ್ಡು ಹಾಕಿ ಒಂದೇ ರೆಂಚು ತಂದು ಅಂಗಡಿಯಲ್ಲಿ ಇಡಲಿ, ಬೇಕಾದವರು ಬಂದು ಬಿಗಿದುಕೊಳ್ಳಲಿ ಎಂದರು. ಎಂಜಿನಿಯರನಿಗೆ ಹಿಡಿಸಿತು, ಅಷ್ಟೇ ಬೇಗ ಅನುಮಾನವೂ ಬಂತು. ಸ್ಪ್ರಿಂಗ್ ಸಡಿಲಿಸಿ ಇಡುವವರು ಯಾರು, ಅಂಗಡಿಯ ಹುಡುಗ ಅದರಲ್ಲಿ ಟ್ರ್ಯಾಕ್ಟರಿನ ನಟ್ಟು ಬಿಚ್ಚಿದರೆ ಹೇಳುವವರು ಯಾರು? ಹುಡುಗನಿಗೆ ತಾನೇ ಹೇಳುವುದಾಗಿ ಮಿಸ್ತ್ರಿ ಭರವಸೆ ಕೊಟ್ಟರು. ಹುಡುಗ ಅಲ್ಲೇ ಕೂತು ಪಂಕ್ಚರ್ ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಹೈಸ್ಕೂಲಿನ ವಿದ್ಯಾರ್ಥಿಯೊಬ್ಬ ಹ್ಯಾಂಡಲ್ ತಿರುಗುವ ಸೈಕಲ್ ತಂದು ನಿಲ್ಲಿಸಿದ. ಹಳೆಯ ಮಾದರಿಯ ಉಕ್ಕಿನ ಸ್ಟೆಮ್, ಹ್ಯಾಂಡಲ್ ಹಿಡಿಯುವುದಕ್ಕೆ ಒಂದೇ ದಪ್ಪ ಬೋಲ್ಟು. ಎಲ್ಲೂ ಅಂಕಿ ಇಲ್ಲ.

ಮಿಸ್ತ್ರಿ: ಹಾಂ, ಈಗ ಹೇಳು. ಇದಕ್ಕ ಎಷ್ಟು? ಐದೇ ಬಿಗಿಯೂಣೇನು?

ಎಂಜಿನಿಯರ: ಬ್ಯಾಡ್ರಿ. ಐದಕ್ಕ ಬಿಟ್ರ ಮೊದಲ ತಗ್ಗಿನ್ಯಾಗೇ ಹ್ಯಾಂಡಲ್ ತಿರುಗತೈತಿ. ಒಂಟಿ ಬೋಲ್ಟಿನ ಸ್ಟೆಮ್ಮಿಗೆ 20ರ ಮ್ಯಾಲೇ ಬೇಕು, 29ರ ತನಕ ಹೋಗಬಹುದು.

ಮಿಸ್ತ್ರಿ: ಅದು ಯಾರ ಸೈಕಲ್ಲಿನ ಅಂಕಿ?

ಎಂಜಿನಿಯರ: …ಜಪಾನದವರ ಪಟ್ಟಿ.

ಮಿಸ್ತ್ರಿ: ಈ ಬೋಲ್ಟು ಲುಧಿಯಾನಾದ್ದು. ಯಾವ ಉಕ್ಕು, ಎಷ್ಟು ಗಟ್ಟಿ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಟ್ಲಾಸಿನವರದೇ ನೋಡು. 2020ರ ಜೂನ್ 3ಕ್ಕ, ವಿಶ್ವ ಸೈಕಲ್ ದಿನದ ದಿವಸನೇ, ಸಾಹಿಬಾಬಾದಿನ ಕಾರಖಾನಿಗೆ ಕೀಲಿ ಹಾಕಿದ್ರು. ಆ ಸೈಕಲ್ ಇನ್ನೂ ದಿನಾ ನನ್ನ ಕಡೆ ಬರತಾವ. ಸರಕಾರ ಎಂಟನೇತ್ತಾ ಹುಡುಗರಿಗೆ 2006–07ರಿಂದ ಕೊಟ್ಟ ಸೈಕಲ್ಲೂ ಬರತಾವ. ಒಂದರ ಮ್ಯಾಲೂ ನಿನ್ನ ನ್ಯೂಟನ್ ಇಲ್ಲ. ಅಂಕಿ ಇಲ್ಲದ ಬೋಲ್ಟಿಗೆ ಅಂಕಿ ಪಾನಾ ಏನು ಮಾಡತೈತಿ?

ಎಂಜಿನಿಯರ: ಇವತ್ತು ನೀವು ಬಿಗದದ್ದು ಎಷ್ಟು ಅಂತ ಅಳದು ಬರದು ಇಡೂಣು. ಹ್ಯಾಂಡಲ್ ಮತ್ತ ತಿರುಗಿದ್ರ ಮುಂದಿನ ಸಲ ಎರಡು ಹೆಚ್ಚಿಗಿ. ಥ್ರೆಡ್ ಹೋದ್ರ ಎರಡು ಕಡಿಮಿ. ಹತ್ತು ಸೈಕಲ್ ಆದ ಮ್ಯಾಲ ಲುಧಿಯಾನಾದ ಬೋಲ್ಟಿಗೂ ಒಂದು ಪಟ್ಟಿ ಆಗತೈತಿ, ನಿಮ್ಮ ಕೈಯಿಂದಲೇ ಆದದ್ದು.

ಮಿಸ್ತ್ರಿ: ಥ್ರೆಡ್ ಹೋದ್ರ ಗಿರಾಕಿಗೆ ಹೊಸಾ ಸ್ಟೆಮ್ ಯಾರು ಕೊಡತಾರ, ನಿನ್ನ ಪಟ್ಟಿಯೇ?

ವಿದ್ಯಾರ್ಥಿ ಟ್ಯೂಶನ್ನಿಗೆ ಹೊತ್ತಾಯಿತೆಂದು ಗೊಣಗಿದ. ಮಿಸ್ತ್ರಿ ಮೊಳೆಯಿಂದ ಉದ್ದನೆಯ ಪಾನಾ ಇಳಿಸಿದರು. ಎಂಜಿನಿಯರ ಕಾಟಾದ ಕೊಕ್ಕಿ ಹಿಡಿದು, ಎಷ್ಟು ದೂರಕ್ಕೆ ಸಿಕ್ಕಿಸಬೇಕೆಂದು ಟೇಪು ಬಿಚ್ಚುತ್ತಿದ್ದ. ಟೇಪು ಪೂರಾ ಹೊರಬರುವ ಮೊದಲೇ ಮಿಸ್ತ್ರಿ ಬಿಗಿದು ಮುಗಿಸಿ, ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ಜಗ್ಗಿ ನೋಡಿದರು. ತಿರುಗಲಿಲ್ಲ.

ಎಂಜಿನಿಯರ: ಎಷ್ಟಾತು?

ಮಿಸ್ತ್ರಿ: ಸಾಕಾಗೂಷ್ಟು ಆತು. ಹತ್ತು ರೂಪಾಯಿ ಕೊಡೋ ತಮ್ಮಾ. ಮತ್ತ ಆ ಸೀಟಿನ ಗ್ರೀಸು ಒರಸಾಕ ಚಿಂದಿ ಅಲ್ಲೇ ಐತಿ ನೋಡು, ಸೀಮಿಎಣ್ಣಿ ಹಚ್ಚಿ ಒರಸು.